ನಾಯಿಗಿಂತ ಮೊದಲು ಡಿಕ್ಕಿಯಲ್ಲಿ ಮಲಗುವ ಜಾಲರಿಯಣ್ಣ

ಭಾನುವಾರ, ಬೆಳಗಿನ ಐದೂ ಮುಕ್ಕಾಲು. ತಗಡಿನ ಶೆಡ್ಡಿನ ಮುಂದೆ ಪುಟ್ಟ ಬಿಳಿ ಕಾರು. ಅದರ ಡಿಕ್ಕಿಯಲ್ಲಿ ಐವತ್ತೆಂಟು ವರ್ಷದ ಮನುಷ್ಯನೊಬ್ಬ ಮಂಡಿ ಮಡಚಿ, ಗಲ್ಲವನ್ನು ಕೆಳಗೆ ಊರಿ ಮಲಗಿದ್ದಾರೆ. ಸ್ಟೀರಿಂಗ್ ಹಿಡಿದು ಕೂತಿರುವುದು ಅವರ ಹೆಂಡತಿ. ಇಬ್ಬರ ನಡುವೆ, ಹಿಂದಿನ ಸೀಟಿನ ಬೆನ್ನಿಗೆ ಹೊಂದಿಕೊಂಡಂತೆ, ನಿನ್ನೆಯಷ್ಟೇ ಕೂರಿಸಿದ ಕಬ್ಬಿಣದ ಜಾಲರಿ.

"ನಡಿಗೆ ಸ್ಪೀಡಲ್ಲಿ ಹೋಗು. ನಾನು ಹೇಳಿದಾಗ ಬ್ರೇಕ್ ಹಾಕು" ಎನ್ನುತ್ತದೆ ಡಿಕ್ಕಿ.

"ನಾಯಿಗೆ ಯಾರಾದ್ರೂ ಹೇಳಿ ಬ್ರೇಕ್ ಹಾಕ್ತಾರೇನ್ರೀ?" ಎಂದವರೇ ಆಕೆ ಹತ್ತು ಮಾರು ಹೋಗಿ ಫಕ್ಕನೆ ಬ್ರೇಕ್ ಒತ್ತುತ್ತಾರೆ. ಧಡ್ ಅಂತ ಸದ್ದು. "ಅಯ್ಯೋ!" ಎಂಬ ಉದ್ಗಾರ. ಆಮೇಲೆ ಒಳಗಿನಿಂದಲೇ ವರದಿ ಬರುತ್ತದೆ: "ಜಾಲರಿ ಅಲ್ಲಾಡಲಿಲ್ಲ. ನನ್ನ ಭುಜದ ವಿಷಯ ಆಮೇಲೆ ಮಾತಾಡೋಣ."

ಇವರೇ ಜಾಲರಿಯಣ್ಣ. ಕಾರಿನ ಹಿಂಭಾಗದಲ್ಲಿ ಕೂರುವ ನಾಯಿ ಮುಂದಕ್ಕೆ ಹಾರದಂತೆ, ಬೀಳದಂತೆ, ಬಡಿದುಕೊಳ್ಳದಂತೆ ತಡೆ ಕಟ್ಟುವುದು ಇವರ ಕಸುಬು. ಅವರ ಹೆಂಡತಿ, ಹಾಗಾಗಿ, ಬೀದಿಗೆಲ್ಲ ಅತ್ತಿಗೆ. ನನ್ನ ಕತೆ ಕೇಳಿದರೆ ನಗುತ್ತೀರಿ: ನಾಯಿ ಎದುರು ಬಂದರೆ ನಾನು ರಸ್ತೆ ದಾಟಿ ಆ ಕಡೆ ಹೋಗುವವಳು. ಇಂಥವರ ಬಗ್ಗೆ ಬರೆಯಿರಿ ಅಂತ ಗೆಳತಿ ಹೇಳಿದಾಗ ಮೂಗು ಮುರಿದಿದ್ದೆ. ನಾಯಿಗೊಂದು ಜಾಲರಿ, ಅದರಲ್ಲಿ ಬರೆಯುವುದೇನಿದೆ? ಈಗ ನೋಡಿ, ಹೊತ್ತು ಹುಟ್ಟುವ ಮೊದಲೇ ಬಂದು ಸ್ಟೂಲಿನ ಮೇಲೆ ಕೂತಿದ್ದೇನೆ.

ಶೆಡ್ಡು ಚಿಕ್ಕದು. ಒಂದು ಗೋಡೆಗೆ ಸರಳುಗಳು, ಇನ್ನೊಂದಕ್ಕೆ ಬಟ್ಟೆಯ ಬಲೆಗಳು. ಮೂಲೆಯಲ್ಲಿ ಮೂವತ್ತು ಕಿಲೋ ಮರಳು ತುಂಬಿದ ಚೀಲ, ಅದಕ್ಕೆ ಸೀಮೆಸುಣ್ಣದಲ್ಲಿ ಬರೆದ ಎರಡು ಕಣ್ಣು. ಹೊಸ ಜಾಲರಿಗೆ ಮೊದಲು ಚೀಲದ ಪರೀಕ್ಷೆ, ಆಮೇಲೆ ಜಾಲರಿಯಣ್ಣನದು. "ಚೀಲ ಗಟ್ಟಿ ಇದೆಯೋ ಇಲ್ವೋ ಅಂತ ಹೇಳುತ್ತೆ ಅಷ್ಟೇ. ಎಲ್ಲಿ ಚುಚ್ಚುತ್ತೆ, ಎಲ್ಲಿ ಕಿವಿ ಸಿಕ್ಕಿಕೊಳ್ಳುತ್ತೆ ಅಂತ ಹೇಳಲ್ಲ. ಅದಕ್ಕೆ ನಾನೇ ಮಲಗ್ತೀನಿ" ಎನ್ನುತ್ತಾರೆ.

ಇಪ್ಪತ್ತೆರಡು ವರ್ಷದ ಹಿಂದೆ ಇವರು ಕಾರಿನ ಸೀಟುಗಳಿಗೆ ಹೊದಿಕೆ ಹೊಲಿಯುತ್ತಿದ್ದರು. ಅತ್ತಿಗೆ ಅಂಗಡಿಗಳಿಗೆ ಬ್ರೆಡ್ಡು ಸಾಗಿಸುವ ವ್ಯಾನು ಓಡಿಸುತ್ತಿದ್ದರು. ಮನೆಯ ನಾಯಿ ಹಿಂದೆ ಬ್ರೆಡ್ಡಿನ ತಟ್ಟೆಗಳ ಪಕ್ಕ ಮಲಗುತ್ತಿತ್ತು. ಒಂದು ದಿನ ಬೆಕ್ಕು ಅಡ್ಡ ಬಂತು, ಅತ್ತಿಗೆ ಬ್ರೇಕ್ ಹಾಕಿದರು, ಮೂವತ್ತು ಕಿಲೋ ನಾಯಿ ಹಾರಿ ಬಂದು ಅವರ ಹೆಗಲಿಗೆ ಬಡಿಯಿತು.

"ನಾಯಿಗೆ ಒಂದು ಗೀರೂ ಇಲ್ಲ. ಬೆಕ್ಕಿಗಂತೂ ಇಲ್ವೇ ಇಲ್ಲ. ಇವಳ ಹೆಗಲ ಮೂಳೆ ಎರಡು ತುಂಡು" ಎಂದು ಜಾಲರಿಯಣ್ಣ ಈಗಲೂ ತಪ್ಪು ತಮ್ಮದೇ ಎಂಬಂತೆ ಹೇಳುತ್ತಾರೆ.

"ಮೂರು ತಿಂಗಳು ನನ್ನ ಜಡೆ ಹೆಣೆದಿದ್ದು ಇವರೇ. ಸೀಟ್ ಕವರಿನ ಹೊಲಿಗೆ ಥರ ಎಷ್ಟು ಬಿಗಿ ಅಂದ್ರೆ, ಹುಬ್ಬು ಮೇಲಕ್ಕೆ ಹೋಗಿಬಿಡೋದು" ಎಂದು ಅತ್ತಿಗೆ ನಗುತ್ತಾರೆ. ಆ ಮೂರು ತಿಂಗಳಲ್ಲೇ ಅವರು ಮೊದಲ ಜಾಲರಿ ಮಾಡಿದ್ದು, ಹೆಂಡತಿಯ ವ್ಯಾನಿಗೆ.

ಈಗ ತಿಂಗಳಿಗೆ ನಾಲ್ಕು, ಬಹಳವೆಂದರೆ ಐದು. ಇದುವರೆಗೆ ಒಂಬೈನೂರ ಹದಿಮೂರು ನಾಯಿಗಳು. ಎಲ್ಲದರ ಅಳತೆಯೂ ದಪ್ಪ ಪುಸ್ತಕವೊಂದರಲ್ಲಿದೆ. ಮಾಲೀಕರ ಹೆಸರಿಲ್ಲ, 'ಕರಿಕಿವಿ', 'ತಿಂಡಿಪೋತ', 'ವಕೀಲರ ಮನೆ ಜಗಳಗಂಟಿ' ಅಂತ ಇದೆ. ಯಾವ ತಡೆ ತಗೊಳ್ಳಲಿ ಅಂತ ಕೇಳಿಕೊಂಡು ಬಂದವರಿಗೆ ಜಾಲರಿಯಣ್ಣ ಮೊದಲು ಕಾರು ತೋರಿಸಿ ಅನ್ನುವುದಿಲ್ಲ, ನಾಯಿ ತೋರಿಸಿ ಅನ್ನುತ್ತಾರೆ. "ಪುಟ್ಟದಾಗಿದ್ದು ಹೇಳಿದ ಮಾತು ಕೇಳೋದಾದ್ರೆ ಬಟ್ಟೆ ಬಲೆ ಸಾಕು. ಮಧ್ಯಮ ಗಾತ್ರ, ಮಲಗೋ ಸ್ವಭಾವ ಅಂದ್ರೆ ಕಾರಿನ ಸೂರಿಗೂ ತಳಕ್ಕೂ ಒತ್ತಿ ನಿಲ್ಲೋ ಕೊಳವೆಗಳು ಸಾಕು. ಭಾರದ್ದು, ನುಗ್ಗೋದು ಅಂದ್ರೆ ಕಾರಿನ ಕಬ್ಬಿಣಕ್ಕೇ ಬೋಲ್ಟ್ ಹಾಕ್ಬೇಕು. ಪ್ಲಾಸ್ಟಿಕ್ಕಿಗೆ ಸಿಕ್ಕಿಸಿ ಕೊಟ್ರೆ ಅದು ನೋಡೋಕೆ ಚಂದ ಅಷ್ಟೇ."

ಗೋಡೆಯ ಮೇಲೆ ಎರಡು ತುಂಡಾದ ಒಂದು ಸರಳು ನೇತಾಡುತ್ತಿದೆ. ಅದೇನು ಅಂತ ಕೇಳಿದೆ. ಜಾಲರಿಯಣ್ಣನ ಬದಲು ಅತ್ತಿಗೆ ಹೇಳಿದರು. ಎಂಟು ವರ್ಷದ ಹಿಂದೆ ಉಣ್ಣೆಯ ಮುದ್ದೆಯಂಥ ಒಂದು ನಾಯಿ ಬಂದಿತ್ತು. ತಲೆ ಅಳೆದು, ಅದು ತೂರದ ಹಾಗೆ ಸಂದಿ ಬಿಟ್ಟು ಸರಳು ಕೂರಿಸಿದರು. ಬೇಸಿಗೆಯಲ್ಲಿ ಮನೆಯವರು ನಾಯಿಯ ಕೂದಲು ಬೋಳಿಸಿದರು. ತಲೆ ಅರ್ಧಕ್ಕರ್ಧ ಇಳಿಯಿತು, ಸಂದಿಯಲ್ಲಿ ತೂರಿತು, ಸಿಕ್ಕಿಹಾಕಿಕೊಂಡಿತು. ಜಾಲರಿಯಣ್ಣ ಓಡಿಹೋಗಿ ಸರಳು ಕತ್ತರಿಸಿ ಬಿಡಿಸಿದರು. ನಾಯಿ ಬದುಕಿತು. ಇವರು ಒಂದು ತಿಂಗಳು ವೆಲ್ಡಿಂಗ್ ಕಡ್ಡಿ ಮುಟ್ಟಲಿಲ್ಲ. ಪುಸ್ತಕ ತೆಗೆದು, ಕೂದಲು ಜಾಸ್ತಿಯಿದ್ದ ಹತ್ತೊಂಬತ್ತು ನಾಯಿಗಳನ್ನು ಮತ್ತೆ ಕರೆಸಿ, ಎಲ್ಲ ಸರಳನ್ನೂ ಹತ್ತಿರಕ್ಕೆ ಸರಿಸಿಕೊಟ್ಟರು.

"ಕೂದಲು ಸುಳ್ಳು ಹೇಳುತ್ತೆ ಮೇಡಂ. ಮೂಳೆ ಹೇಳಲ್ಲ" ಎಂದಷ್ಟೇ ಹೇಳಿ ಅವರು ಸ್ಪ್ಯಾನರ್ ಹುಡುಕಲು ಎದ್ದುಹೋದರು.

ಏಳು ಗಂಟೆಗೆ ಬಿಳಿ ಕಾರಿನ ಒಡತಿ ಬರುತ್ತಾರೆ. ಹಾಸಿಗೆ ಹಿಡಿದವರ ಮನೆಗಳಿಗೇ ಹೋಗಿ ಗಾಯ ಕಟ್ಟಿ, ಇಂಜೆಕ್ಷನ್ ಕೊಟ್ಟು ಬರುವ ನರ್ಸಮ್ಮ ಆಕೆ. ದಿನಕ್ಕೆ ಹನ್ನೊಂದು ಮನೆ. ಆಳು ಕುಳ್ಳಗೆ, ಮಾತು ಚುರುಕು. ಜೊತೆಯಲ್ಲಿ ಮೂವತ್ತನಾಲ್ಕು ಕಿಲೋದ ಕಂದು ನಾಯಿ. ಎಲ್ಲ ಕೆಲಸವನ್ನೂ ನಿಂತು ನೋಡುವುದರಿಂದ ಅವನಿಗೆ ಮ್ಯಾನೇಜರ್ ಅಂತಲೇ ಹೆಸರು. ಮರಿಯಾಗಿದ್ದಾಗ ಯಾರೋ ರಟ್ಟಿನ ಡಬ್ಬಿಯಲ್ಲಿ ಹಾಕಿ, ಟೇಪು ಸುತ್ತಿ, ಕಸದ ಪಕ್ಕ ಇಟ್ಟು ಹೋಗಿದ್ದರಂತೆ. ಅಂದಿನಿಂದ ಒಬ್ಬನೇ ಇರಲಾರ. ಮನೆಯಲ್ಲಿ ಬಿಟ್ಟರೆ ಪಂಜದಲ್ಲಿ ರಕ್ತ ಬರುವವರೆಗೆ ಬಾಗಿಲು ಕೆರೆಯುತ್ತಾನೆ. ಹಾಗಾಗಿ ಹನ್ನೊಂದು ಮನೆಗೂ ಅವನದೂ ಭೇಟಿ.

ಹೋದ ವಾರ ಒಂದು ತಿರುವಿನಲ್ಲಿ ಅವನು ಹಿಂದಿನಿಂದ ನರ್ಸಮ್ಮನ ಮಡಿಲಿಗೇ ಹಾರಿದ. ಕಾರು ಫುಟ್‌ಪಾತ್ ಹತ್ತಿ ದೀಪದ ಕಂಬಕ್ಕೆ ಒಂದು ಗೇಣು ಬಾಕಿ ಇರುವಾಗ ನಿಂತಿತು. ಆಕೆಯನ್ನು ಮನೆಮನೆಗೆ ಕಳಿಸುವ ಆಫೀಸಿನವರು ಕಡ್ಡಿ ಮುರಿದ ಹಾಗೆ ಹೇಳಿದ್ದಾರೆ: ಸೋಮವಾರ ಬೆಳಗ್ಗೆ ಕಾರು ತೋರಿಸಬೇಕು, ನಾಯಿ ಹಿಂದೆ ಭದ್ರವಾಗಿ, ಸುಮ್ಮನೆ ಇರಬೇಕು. ಇಲ್ಲದಿದ್ದರೆ ನಾಯಿಯನ್ನು ಕಾರಿಗೆ ಹತ್ತಿಸುವ ಹಾಗಿಲ್ಲ. ಅಂಗಡಿಯಿಂದ ತಂದ ಬಲೆಯನ್ನು ಮ್ಯಾನೇಜರ್ ಹನ್ನೊಂದೇ ನಿಮಿಷದಲ್ಲಿ ಕಚ್ಚಿ ಹರಿದ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

"ಊರಾಚೆ ತೋಟದವರೊಬ್ಬರು ಇಟ್ಕೊಳ್ತೀವಿ ಅಂದಿದ್ದಾರೆ ಅಣ್ಣ" ಎನ್ನುವಾಗ ನರ್ಸಮ್ಮನ ಚುರುಕು ಮಾತು ಕುಂಟುತ್ತದೆ. "ಒಳ್ಳೆಯವರೇ. ಆದ್ರೆ ಇವನಿಗೆ ಅದು ಇನ್ನೊಂದು ಡಬ್ಬಿ ಅಲ್ವಾ?"

"ತೋಟದ ಮಾತು ಆಮೇಲೆ. ಮೊದಲು ಹತ್ತಿಸಿ" ಎನ್ನುತ್ತಾರೆ ಜಾಲರಿಯಣ್ಣ.

ಹತ್ತಿಸಿದರು. ಡಿಕ್ಕಿ ಮುಚ್ಚಿ ನರ್ಸಮ್ಮ ಹೋಗಿ ಸ್ಟೀರಿಂಗ್ ಹಿಂದೆ ಕೂತದ್ದೇ ತಡ, ಮ್ಯಾನೇಜರ್ ಊಳಿಡಲು ಶುರು ಮಾಡಿದ. ಆ ಕೂಗು ಕೇಳಿ ನಾಯಿ ಎಂದರೆ ಮಾರು ದೂರ ಓಡುವ ನಾನೇ ಸ್ಟೂಲಿನಿಂದ ಎದ್ದು ಕಾರಿನ ಹತ್ತಿರ ಹೋದೆ. ಸರಳಿಗೆ ಹಲ್ಲು ಹಾಕಿದ, ಪಂಜ ಹಾಕಿದ, ಜೊಲ್ಲು ಸುರಿಸಿದ. ಜಾಲರಿ ಅಲ್ಲಾಡಲಿಲ್ಲ. ಅದೇ ಕಷ್ಟ. ಜಾಲರಿ ಚೆನ್ನಾಗಿದೆ, ನಾಯಿಗೆ ಚೆನ್ನಾಗಿಲ್ಲ. ನರ್ಸಮ್ಮ ಸ್ಟೀರಿಂಗಿಗೆ ಹಣೆಯಿಟ್ಟು ಕೂತುಬಿಟ್ಟರು.

"ಇಳೀಬೇಡಿ, ಅಲ್ಲೇ ಕೂತಿರಿ" ಎಂದು ಜಾಲರಿಯಣ್ಣ ಡಿಕ್ಕಿ ತೆಗೆದರು. ನಾಯಿಯ ಪಟ್ಟಿಯನ್ನು ಅತ್ತಿಗೆಯ ಕೈಗೆ ಕೊಟ್ಟು, ಜೊಲ್ಲಿನ ಮೇಲೇ ಮಲಗಿ, ಗಲ್ಲ ಊರಿ, ಮುಂದೆ ನೋಡಿದರು. ಎದ್ದು ಕೂತಾಗ ಅವರ ಮುಖ ಸಣ್ಣಗಾಗಿತ್ತು.

"ಥೂ, ನನ್ನ ಬುದ್ಧಿಗಿಷ್ಟು! ಬೆಳಗ್ಗೆ ನೀನು ಕೂತಿದ್ದೆ ಕಣೇ" ಎಂದರು ಹೆಂಡತಿಗೆ. "ನೀನು ಉದ್ದ. ಸೀಟಿನ ಮೇಲೆ ನಿನ್ನ ತುರುಬು ಕಾಣ್ತಿತ್ತು, ನನಗೆ ಧೈರ್ಯವಾಗಿತ್ತು. ಇವರು ಕೂತ್ರೆ ಬರೀ ಸೀಟು ಕಾಣುತ್ತೆ. ಮನುಷ್ಯರೇ ಇಲ್ಲ. ಇವನ ಲೆಕ್ಕದಲ್ಲಿ ಮತ್ತೆ ಡಬ್ಬಿಗೆ ಹಾಕಿ ಟೇಪು ಸುತ್ತಿದ್ದಾರೆ."

ಇಪ್ಪತ್ತೆರಡು ವರ್ಷವೂ ಪರೀಕ್ಷೆಗೆ ಕಾರು ಓಡಿಸಿದ್ದು ಅತ್ತಿಗೆಯೇ. ಅಷ್ಟು ಎತ್ತರದ ಹೆಂಗಸು ಈ ಬೀದಿಯಲ್ಲಿ ಇನ್ನೊಬ್ಬರಿಲ್ಲ. ಕುಳ್ಳಗಿನವರು ಕೂತರೆ ನಾಯಿಗೆ ಏನು ಕಾಣುತ್ತದೆ ಎಂಬ ಯೋಚನೆ ಇಬ್ಬರಿಗೂ ಬಂದಿರಲಿಲ್ಲ.

ಆಮೇಲಿನ ನಾಲ್ಕು ಗಂಟೆ ನಾನು ನೋಡಿದ್ದು ಅಳೆದೂ ಸುರಿದೂ ಮಾಡುವ ಕೆಲಸ ಅಂದರೆ ಏನು ಎಂಬುದನ್ನು. ಜಾಲರಿಯಣ್ಣ ಡಿಕ್ಕಿಯೊಳಗೆ ಅಂಗುಲ ಅಂಗುಲ ತೆವಳುತ್ತ "ಈಗ ಕಾಣಲ್ಲ, ಈಗಲೂ ಇಲ್ಲ, ಹಾಂ, ಕಿವಿ ಕಂಡಿತು!" ಎಂದು ಕೂಗುತ್ತಾರೆ. ಡ್ರೈವರ್ ಸೀಟಿನ ಹಿಂದಿನ ಮೂಲೆಯಲ್ಲ, ಡಿಕ್ಕಿಯ ಇನ್ನೊಂದು ಬದಿಯ ಮೂಲೆ; ಅಲ್ಲಿಂದ ಓರೆಯಾಗಿ ನೋಡಿದರೆ ಎರಡು ಸೀಟುಗಳ ನಡುವೆ ನರ್ಸಮ್ಮನ ಕೆನ್ನೆ, ಕಿವಿ ಕಾಣುತ್ತವೆ. ಆದರೆ ಒಂದು ಗೇಣು ಎತ್ತರ ಬೇಕು. ಹಲಗೆ ಕೊಯ್ದು, ಗಿಡ್ಡ ಕಾಲು ಕೊಟ್ಟು, ದಪ್ಪ ರತ್ನಗಂಬಳಿ ಹೊದಿಸಿ ಮಂಚ ಮಾಡಿ ಕಾರಿನ ತಳಕ್ಕೆ ಬಿಗಿದರು. ಸರಿಯಾಗಿ ಕಣ್ಣಿಗೆ ಅಡ್ಡ ಬರುವ ಎರಡು ಸರಳು ಕತ್ತರಿಸಿ, ಸಂದಿ ಮೂರು ಬೆರಳು ದಾಟದಂತೆ, ಸ್ವಲ್ಪ ಸ್ವಲ್ಪವೇ ಸರಿಸಿ ಬೆಸೆದರು. ಹಿಂದಿನ ಸೀಟಿನಲ್ಲಿ ನೋಟಕ್ಕೆ ಗೋಡೆಯಾಗಿದ್ದ ನರ್ಸಮ್ಮನ ಔಷಧದ ಚೀಲವನ್ನು ಡ್ರೈವರ್ ಸೀಟಿನ ಹಿಂಬದಿಗೆ ಎತ್ತಿಟ್ಟು ಬೆಲ್ಟು ಹಾಕಿದರು. ಆಮೇಲೆ ಮತ್ತೆ ಮರಳಿನ ಚೀಲ, ಮತ್ತೆ ಜಾಲರಿಯಣ್ಣ, ಮತ್ತೆ ಬ್ರೇಕ್, ಮತ್ತೆ ಅಯ್ಯೋ.

ಮಧ್ಯಾಹ್ನ ಮ್ಯಾನೇಜರ್ ಹತ್ತಿದ. ಮಂಚ ಮೂಸಿದ. ಒಂದು ಸುತ್ತು ತಿರುಗಿ, ಗಲ್ಲ ಊರಿ ಮಲಗಿದ. ನರ್ಸಮ್ಮ ಕೂತರು. ಅವನು ತಲೆ ಎತ್ತಿದ. ಕೆನ್ನೆ ಕಂಡಿತೇನೋ, ಬಾಲ ಒಂದು ಸಲ ಹಲಗೆಗೆ ಬಡಿಯಿತು. ಊಳಿಡಲಿಲ್ಲ. ಹಾಗಂತ ಕಣ್ಣು ಮುಚ್ಚಲೂ ಇಲ್ಲ, ಕಿವಿ ನಿಮಿರಿಸಿಕೊಂಡೇ ಹೊರಟ.

ಕಾರು ಬೀದಿ ದಾಟುವವರೆಗೂ ಜಾಲರಿಯಣ್ಣ ನಿಂತೇ ಇದ್ದರು. "ಸುಮ್ಮನಿರೋದು ಬೇರೆ, ನೆಮ್ಮದಿ ಬೇರೆ. ನಾಯಿ ಹಿಂದೆ ಗೊರಕೆ ಹೊಡೀಬೇಕು. ಆಗ ನನ್ನ ಕೆಲಸ ಮುಗೀತು" ಎಂದರು. ಪುಸ್ತಕದಲ್ಲಿ ಒಂಬೈನೂರ ಹದಿನಾಲ್ಕನೆಯ ಸಾಲಿನ ಕೊನೆಗೆ 'ಮುಗೀತು' ಅಂತ ಬರೆಯುವ ಜಾಗ ಖಾಲಿ ಬಿಟ್ಟರು.

ಸೋಮವಾರ ಮಧ್ಯಾಹ್ನ ನಾನು ಬೇಕೆಂದೇ ಮತ್ತೆ ಶೆಡ್ಡಿಗೆ ಹೋಗಿದ್ದೇನೆ. ಬೆಳಗ್ಗಿನಿಂದ ಫೋನಿಲ್ಲ. ಜಾಲರಿಯಣ್ಣ ಒಂದೇ ಬೋಲ್ಟನ್ನು ಮೂರು ಸಲ ಒರೆಸಿದ್ದಾರೆ. "ಅದು ಹೊಳೆದಿದ್ದು ಸಾಕು, ಇನ್ನೂ ಒರೆಸಿದ್ರೆ ಕರಗಿಹೋಗುತ್ತೆ" ಎಂದು ಅತ್ತಿಗೆ ರೇಗಿಸುತ್ತಾರೆ. ಆದರೆ ಅವರ ಕಣ್ಣೂ ಫೋನಿನ ಮೇಲೇ ಇದೆ.

ಎರಡೂವರೆಗೆ ಫೋನು ಬರುತ್ತದೆ. ಅತ್ತಿಗೆ ಸ್ಪೀಕರ್ ಒತ್ತುತ್ತಾರೆ. ನರ್ಸಮ್ಮನ ದನಿ ಪಿಸುಗುಟ್ಟುತ್ತಿದೆ.

"ಅಣ್ಣ, ಆಫೀಸಿನವರು ನೋಡಿ ಒಪ್ಪಿದ್ರು. ಆಮೇಲೆ ಐದನೇ ಮನೆ ದಾರೀಲಿ ಸೈಕಲ್ಲೊಂದು ಅಡ್ಡ ಬಂತು. ಜೋರಾಗಿ ಬ್ರೇಕ್ ಹಾಕಿದೆ. ಜೀವ ಬಾಯಿಗೆ ಬಂತು. ಇವನು ಜಾಲರಿಗೆ ಒರಗಿದ, ಎದ್ದ, ನನ್ನ ಮುಖ ನೋಡಿದ. ಏನೂ ಆಗಿಲ್ಲ ಅಣ್ಣ. ಯಾರಿಗೂ ಏನೂ ಆಗಿಲ್ಲ."

"ಮತ್ಯಾಕಮ್ಮ ಪಿಸುಗುಡ್ತೀರಿ?"

"ಈಗ ಏಳನೇ ಮನೆ ಮುಂದೆ ನಿಲ್ಲಿಸಿದ್ದೀನಿ. ತಡೀರಿ, ಕೇಳಿಸ್ತೀನಿ."

ಫೋನು ಹಿಂದಕ್ಕೆ ಚಾಚಿದ ಸದ್ದು. ಆಮೇಲೆ ಶೆಡ್ಡಿನ ತುಂಬ ಒಂದು ಗೊರಕೆ. ಉದ್ದನೆಯದು, ಕೊನೆಯಲ್ಲಿ ಸೀಟಿ ಊದುವಂಥದು.

ಜಾಲರಿಯಣ್ಣ ಕೈಬಟ್ಟೆಯಿಂದ ಮುಖ ಒರೆಸಿಕೊಳ್ಳುತ್ತಾರೆ. "ಕಣ್ಣಿಗೆ ಕಬ್ಬಿಣದ ಪುಡಿ ಬಿತ್ತೇನ್ರೀ?" ಎಂದು ಕೇಳುವ ಅತ್ತಿಗೆಯ ಕಣ್ಣಲ್ಲೂ ನೀರಿದೆ. ನಾನು ಪುಸ್ತಕ ತೆರೆದು ಅವರ ಮುಂದೆ ಸರಿಸುತ್ತೇನೆ, ಆ ಖಾಲಿ ಜಾಗ ತುಂಬಲಿ ಅಂತ. ಅವರು ಪೆನ್ನು ಮುಟ್ಟುವುದಿಲ್ಲ.

"ಅಣ್ಣ, ಕೇಳಿಸ್ತಾ? ಇಡ್ಲಾ?" ಎನ್ನುತ್ತಾರೆ ನರ್ಸಮ್ಮ.

"ಕೇಳಿಸ್ತಮ್ಮ" ಎನ್ನುತ್ತಾರೆ ಜಾಲರಿಯಣ್ಣ. "ಇನ್ನೊಂದು ಸ್ವಲ್ಪ ಹೊತ್ತು ಹಾಗೇ ಹಿಡಿದಿರಿ."