ಒಂದು ತಲೆ, ಮೂರು ಜನ, ಬೆಟ್ಟ

ಕ್ಯಾಮೆರಾ ಚೀಲದ ಜಿಪ್ ಎಳೆದರೆ ಸಾಕು, ಇವತ್ತಿಗೂ ಹದವಾದ ಹೊಗೆಸೊಪ್ಪಿನ ವಾಸನೆ ಬರುತ್ತದೆ. ಮೊದಲು ಕಾಸಿದ ಬೆಲ್ಲದಂಥ ಸಿಹಿ, ಅದರ ಬೆನ್ನಿಗೇ ಗಂಟಲು ಕೆರೆಯುವ ಖಾರ. ಕಟ್ಟೆಮಳಲವಾಡಿಯ ನಮ್ಮ ಮನೆಯ ಪಡಸಾಲೆಯಲ್ಲಿ, ಸೊಪ್ಪಿನ ರಾಶಿಯ ಮೇಲಿನ ಗೂಟಕ್ಕೆ ಈ ಚೀಲ ನೇತಾಡುತ್ತಿತ್ತು. ಆ ಮನೆ ಈಗಿಲ್ಲ. ಪಾಲಾಯಿತು, ಮಾರಿದರು, ಕೊಂಡವರು ಕೆಡವಿದರು. ಬಾಗಿಲ ಪಕ್ಕ ಕೂತು ಸೊಪ್ಪು ವಿಂಗಡಿಸುತ್ತಲೇ ನನ್ನನ್ನು ಸಾಕಿದ ದೊಡ್ಡವ್ವನೂ ಇಲ್ಲ. ನಿಮ್ಮ ಮನೆಯಲ್ಲೂ ಇಂಥದ್ದೊಂದು ಚೀಲವಿದ್ದರೆ ಗೊತ್ತಿರುತ್ತದೆ, ಜಿಪ್ ಎಳೆಯೋಕೆ ಎಷ್ಟು ಹಿಂಜರಿಕೆಯಾಗುತ್ತೆ ಅಂತ.

ಅಂಗೈಯಗಲದ ಆ ರೀಲ್ ಕ್ಯಾಮೆರಾ ಚಿಕ್ಕಪ್ಪನದು. ಲೆನ್ಸಿನ ಸುತ್ತ ತಿರುಗುವ ಉಂಗುರದ ಮೇಲೆ ಮೂರು ಚಿತ್ರ: ಒಂದು ತಲೆ, ಮೂರು ಜನ, ಬೆಟ್ಟ. ಅದು ಜನರ ಲೆಕ್ಕ ಎಂದೇ ಚಿಕ್ಕಪ್ಪ ತಿಳಿದಿದ್ದ. ಒಬ್ಬರು ನಿಂತರೆ ಒಂದು ತಲೆ, ಇನ್ನೊಬ್ಬರು ಸೇರಿಕೊಂಡರೂ ಮೂರು ಜನದ ಗುರುತೇ. ನಮ್ಮೂರಲ್ಲಿ ಬೆಟ್ಟವೇ ಇಲ್ಲವಾದ್ದರಿಂದ ಆ ಗುರುತು ಬೇರೆ ಊರಿನವರಿಗೆ ಎಂದು ಬಿಟ್ಟಿದ್ದ. ಹಬ್ಬದ ದಿನ ಹೊಸ ಲಂಗದಲ್ಲಿ ನನ್ನನ್ನು ಅಂಗಳದಲ್ಲಿ ನಿಲ್ಲಿಸಿ, ಮೂಗಿನ ಹತ್ತಿರಕ್ಕೇ ಬಂದು, ಹಿಂದೆ ಕೂತ ದೊಡ್ಡವ್ವನನ್ನೂ ಕರೆಯುತ್ತಿದ್ದ. ಅವಳ ಉತ್ತರ ಪ್ರತಿ ಸಲವೂ ಒಂದೇ.

"ಕೈಯೆಲ್ಲ ಅಂಟು ಕಣಪ್ಪ. ನನ್ನ ಲೆಕ್ಕಕ್ ಇಟ್ಕಬ್ಯಾಡ, ಮಗೀನ್ ತಗಿ."

ಚಿಕ್ಕಪ್ಪ ಉಂಗುರವನ್ನು ಒಂದು ತಲೆಗೆ ತಿರುಗಿಸುತ್ತಿದ್ದ.

ಆ ಫೋಟೋಗಳನ್ನೆಲ್ಲ ನೆಲದ ಮೇಲೆ ಹರಡಿಕೊಂಡು ಈ ವರ್ಷ ಎಷ್ಟು ಸಲ ಹುಡುಕಿದ್ದೇನೋ. ನನ್ನ ಕುಂಕುಮದ ಅಂಚು ಕೂಡ ಸ್ಪಷ್ಟವಾಗಿದೆ. ಹಿಂದೆ ಬಾಗಿಲು ಕಲಸಿದ ಬಣ್ಣ, ಅದರ ಪಕ್ಕ ದೊಡ್ಡವ್ವ ಕಂದು ಮಬ್ಬು. ಎಲ್ಲದರಲ್ಲೂ ತಲೆಯೆತ್ತಿ ಇತ್ತಲೇ ನೋಡುತ್ತಿದ್ದಾಳೆ, ಒಂದರಲ್ಲೂ ಮುಖವಿಲ್ಲ. ಅವಳ ಬೇರೆ ಫೋಟೋ ನಮ್ಮಲ್ಲಿಲ್ಲ. ಯಾಕೆ ಹೀಗಾಯಿತೆಂದು ತಿಳಿಯದೆ ಕೂತಲ್ಲಿ ಕೂರಲಾಗಲಿಲ್ಲ. ಕ್ಯಾಮೆರಾ ಕಲಿಸುವ ವಿಡಿಯೋ ನೋಡಿದೆ, ಈಗಿನ ಮನೆಯ ಅಂಗಳದಲ್ಲಿ ಚೆಂಬುಗಳನ್ನು ಹಿಂದೆ ಹಿಂದೆ ಸಾಲಾಗಿಟ್ಟು ಒಂದು ರೀಲ್ ಪೂರ್ತಿ ತೆಗೆದೆ. ಒಂದು ತಲೆಗೆ ಇಟ್ಟಾಗ ಮುಂದಿನ ಚೆಂಬು ಮಾತ್ರ ಚೂಪು, ಉಳಿದವು ಹೊಗೆ. ಮೂರು ಜನಕ್ಕೆ ಇಟ್ಟು, ಒಳ್ಳೆ ಬಿಸಿಲಲ್ಲಿ, ನಾಲ್ಕು ಹೆಜ್ಜೆ ಹಿಂದೆ ಸರಿದರೆ ಮೊದಲ ಚೆಂಬಿನಿಂದ ಬಾಗಿಲವರೆಗೂ ಎಲ್ಲ ಸ್ಪಷ್ಟ. ಡೆಪ್ತ್ ಆಫ್ ಫೀಲ್ಡ್, ಅಂದರೆ ಎಲ್ಲಿಂದ ಎಲ್ಲಿಯವರೆಗೆ ಚೂಪಾಗಿ ಬೀಳುತ್ತದೆ ಅನ್ನೋದು, ಇಷ್ಟೇ. ಆ ಚಿತ್ರಗಳು ತಲೆಯೆಣಿಕೆಯಲ್ಲ, ದೂರದ ಗುರುತು. ಆದರೂ, ಅವಳನ್ನೂ ಲೆಕ್ಕಕ್ಕೆ ಇಟ್ಟುಕೊಂಡಿದ್ದರೆ ಆ ತಪ್ಪು ಲೆಕ್ಕದಲ್ಲೇ ಉಂಗುರ ಮೂರು ಜನಕ್ಕೆ ತಿರುಗುತ್ತಿತ್ತು, ಚಿಕ್ಕಪ್ಪ ಹಿಂದೆ ಸರಿಯುತ್ತಿದ್ದ, ಅವಳು ನಮಗೆ ಸಿಗುತ್ತಿದ್ದಳು.

ಚಿಕ್ಕಪ್ಪ ಈಗ ಹತ್ತಿರದ ಗುರುಪುರದಲ್ಲಿದ್ದಾನೆ. ಮೊನ್ನೆ ಅವನನ್ನು ಬೈಕಿನಲ್ಲಿ ಕೂರಿಸಿಕೊಂಡು ಹಳೇ ಮನೆಯ ಜಾಗಕ್ಕೆ ಹೋದೆ. ದಾರಿಯುದ್ದಕ್ಕೂ ಇದನ್ನೇ ಹೇಳಿದೆ. ಅಲ್ಲೀಗ ಸಿಮೆಂಟು ಗೋಡೌನು, ನೀಲಿ ಶಟರು. ಬೈಕಿನಿಂದ ಇಳಿದು ಅದನ್ನೇ ನೋಡುತ್ತಾ ಅಂದ: "ಅತ್ಗೆ ಬ್ಯಾಡ ಅಂದ್ರು ಅಂತ ಬುಟ್ಬುಟ್ಟೆ ಕಣಮ್ಮಿ."

ಬಾಗಿಲಿದ್ದ ಕಡೆ ಬೆನ್ನು ಮಾಡಿ ನಿಲ್ಲಲು ಹೇಳಿದೆ. ಹಿಂದೆ ಸರಿದು ಉಂಗುರವನ್ನು ಮೂರು ಜನಕ್ಕೆ ತಿರುಗಿಸಿದೆ. ಅವನ ಕಣ್ಣು ನನ್ನ ಬೆರಳ ಮೇಲೇ ಇತ್ತು.

"ನಾನೊಬ್ನೇ ಅಲ್ವೇನಮ್ಮಿ?"

ನಾನು ಕ್ಯಾಮೆರಾವನ್ನು ಕಣ್ಣಿಗೆತ್ತಿದೆ. ಅವನು ಒಮ್ಮೆ ಹಿಂದಿರುಗಿ ನೋಡಿದ. ಆಮೇಲೆ ಬಾಗಿಲಿದ್ದ ಜಾಗ ಮರೆಯಾಗದಂತೆ ಮೆಲ್ಲಗೆ ಪಕ್ಕಕ್ಕೆ ಸರಿದು ನಿಂತ.