ಅಟ್ಟದ ಕೆಳಗಿನ ಎರಡು ಕಂಬ

ಬೈಕುಲ್ಲಾದ ಚಾಳಿನಲ್ಲಿ ನಮ್ಮದು ಒಂದೇ ಕೋಣೆ, ಅದರ ಅರ್ಧದ ಮೇಲೆ ಮರದ ಅಟ್ಟ. ಅಕ್ಕಪಕ್ಕದ ಮನೆಗಳಲ್ಲಿ ಅಟ್ಟದ ಮೇಲೆ ಮನುಷ್ಯರು ಮಲಗುತ್ತಿದ್ದರು. ನನ್ನ ಅಟ್ಟದ ಮೇಲೆ ಮದುವೆಯಲ್ಲಿ ಬಂದ ತಾಮ್ರದ ಹಂಡೆ, ಎರಡು ಟ್ರಂಕು, ವರ್ಷಕ್ಕೊಮ್ಮೆ ಮಾತ್ರ ಇಳಿಸುವ ಸ್ಟೀಲ್ ಡಬ್ಬಿಗಳು. ಅವನ್ನು ಆಯುಧಪೂಜೆಗೆ ಉಜ್ಜಿ, ಮತ್ತೆ ಮೇಲಿಟ್ಟು, ಕೆಳಗಿನಿಂದ ನೋಡಿ ಹಿಗ್ಗುವವಳು ನಾನು.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಮೈಸೂರಿನಿಂದ ನನ್ನ ಅಣ್ಣ ಬಂದ. ಅವನು ಬಡಗಿ. ಅಪ್ಪ ಹೋದ ಮೇಲೆ ನನ್ನನ್ನು ಬಿ.ಎ.ವರೆಗೆ ಓದಿಸಿದವನು. ಊರಲ್ಲಿ ಕೆಲಸ ಕಡಿಮೆಯಾಗಿ, ನಮ್ಮ ಚಾಳಿಗೆ ಹತ್ತಿರದ ಫರ್ನಿಚರ್ ಕಾರ್ಖಾನೆಯೊಂದರಲ್ಲಿ ಆರು ತಿಂಗಳ ಕೆಲಸ ಹಿಡಿದಿದ್ದ. ಉಳಿ, ಬಾಚಿ ತುಂಬಿದ ಗೋಣಿಚೀಲವನ್ನು ಒಳಗಿಟ್ಟು ತಲೆಯೆತ್ತಿ ನೋಡಿದ.

"ಅಟ್ಟದ ಮೇಲೆ ಮಲಕ್ಕೊಂಡ್ಬಿಡ್ತೀನಿ ಕಣೇ. ನಿಂಗೇನೂ ತೊಂದ್ರೆ ಇಲ್ಲ."

ತೊಂದರೆ ಇದ್ದದ್ದು ಬೇರೆ. ನನ್ನಣ್ಣ ಇಂಜಿನಿಯರ್ ಎಂದು ನಾನು ಚಾಳಿನ ಹೆಂಗಸರ ಮುಂದೆ ಬಡಾಯಿ ಕೊಚ್ಚಿದ್ದೆ. ಆರು ತಿಂಗಳು ದಿನಾ ಬೆಳಿಗ್ಗೆ ಆ ಗೋಣಿಚೀಲ ನನ್ನ ಬಾಗಿಲಿನಿಂದ ಹೊರಟರೆ ನನ್ನ ಮರ್ಯಾದೆಯ ಗತಿ?

"ಅಯ್ಯೋ, ಬೇಡಣ್ಣ. ಅದು ಆಳಿನ ಭಾರ ತಡೆಯಲ್ಲ. ತೊಲೆಗೆ ಹುಳ ಬಿದ್ದಿದೆ. ಕೆಳಗೆ ಮಕ್ಕಳು ಮಲಗ್ತವೆ, ನಂಗೆ ಭಯ."

ಬಡಗಿಯ ಮುಂದೆ ಮರದ ವಿಷಯಕ್ಕೆ ಸುಳ್ಳು! ಬಾಯಿಂದ ಬಿದ್ದ ಮೇಲೆ ಹೊಳೆಯಿತು. ಅಣ್ಣ ಕೈ ಚಾಚಿ ಬೆರಳ ಗೆಣ್ಣಿನಿಂದ ತೊಲೆಯನ್ನು ಎರಡು ಸಲ ಕುಟ್ಟಿ, ಕಿವಿಗೊಟ್ಟ. "ಹೌದಾ? ಸರಿ ಬಿಡು" ಎಂದು ಚೀಲ ಹೆಗಲಿಗೇರಿಸಿದ. ಕಾರ್ಖಾನೆಯಲ್ಲೇ ಹಲಗೆಗಳ ನಡುವೆ ಮಲಗತೊಡಗಿದ.

ಮುಂದಿನ ಭಾನುವಾರ ಮತ್ತೆ ಬಂದ, ಎರಡು ಮರದ ಕಂಬ ಹೊತ್ತುಕೊಂಡು! ಎದ್ದ ಮರದ ಹೊಟ್ಟಿಗೆ ಕೆಮ್ಮುತ್ತ, ಅಟ್ಟದ ತೊಲೆಗೆ ಎರಡೂ ಕಡೆ ಆಸರೆ ಕೊಟ್ಟು, ಬೆಣೆ ಹೊಡೆದು ಬಿಗಿಮಾಡಿದ. ಆಮೇಲೆ ಏಣಿ ಹತ್ತಿ ನನ್ನ ಹಂಡೆ, ಡಬ್ಬಿಗಳನ್ನು ಒಂದು ಬದಿಗೆ ಸರಿಸಿ, ಬಗ್ಗಿ ನಿಂತು ಕಾಲಿನಿಂದ ದಬದಬ ತುಳಿದ.

"ನೋಡು, ಈಗ ಆಳು ಮಲಗಿದ್ರೂ ಅಲ್ಲಾಡಲ್ಲ."

ಡಬ್ಬಿ ಸರಿಸಿದ ಜಾಗ ಸರಿಯಾಗಿ ಒಬ್ಬ ಮನುಷ್ಯನ ಉದ್ದವಿತ್ತು. ಅಣ್ಣ ಅಲ್ಲೇ ಕಾಲು ಇಳಿಬಿಟ್ಟು ಕೂತು ನನ್ನ ಮುಖ ನೋಡಿದ. ಇಲ್ಲೇ ಇರಣ್ಣ ಅಂದಿದ್ದರೆ ಮುಗಿಯುತ್ತಿತ್ತು. ಅಷ್ಟರಲ್ಲಿ ಪಕ್ಕದ ಮನೆಯಾಕೆ ಬಾಗಿಲಲ್ಲಿ ಇಣುಕಿದಳು.

"ಅಚ್ಛಾ ಸುತಾರ್ ಹೈ. ಕಹಾಂ ಸೆ ಮಿಲಾ?" ಒಳ್ಳೆ ಬಡಗಿ, ಎಲ್ಲಿ ಸಿಕ್ಕಿದ, ಎಂದು ಕೇಳಿದಳು.

"ಪಾಸ್ ಕೆ ಕಾರ್ಖಾನೆ ಸೆ" ಅಂದೆ. ಪಕ್ಕದ ಕಾರ್ಖಾನೆಯವನು ಅಂತೆ! ಥೂ, ನನ್ನ ಬಾಯಿಗೆ ಮಣ್ಣು ಬೀಳ. ಅಣ್ಣನಿಗೆ ಹಿಂದಿ ಬಾರದೆಂಬ ಧೈರ್ಯ ನನಗೆ. ಅವಳು ಹೋದ ಮೇಲೆ, "ಕಾಫಿ ಆರ್ತಿದೆ, ಇಳಿದು ಬಾರಣ್ಣ" ಅಂದೆ. ಇಳಿದ. ಕುಡಿದು ಲೋಟವನ್ನು ತಾನೇ ತೊಳೆದಿಟ್ಟ, ಹೋದ. ಸಂಜೆಯೊಳಗೆ ಡಬ್ಬಿಗಳನ್ನೆಲ್ಲ ಮೊದಲಿದ್ದ ಜಾಗಕ್ಕೆ ಹರಡಿಟ್ಟೆ. ಆರು ತಿಂಗಳು ಅವನು ಆ ಹಲಗೆಗಳ ನಡುವೆಯೇ ಮಲಗಿದ. ನನ್ನ ಗಂಡ ಕೇಳಿದಾಗಲೆಲ್ಲ, ಅವನಿಗೆ ಅಲ್ಲೇ ಅನುಕೂಲವಂತೆ ಎಂದೆ.

ಮೂರ್ನಾಲ್ಕು ವರ್ಷದ ಮೇಲೆ ಚಾಳಿನ ರಿಪೇರಿ ಶುರುವಾಯಿತು. ತೊಲೆಗಳನ್ನು ಪರೀಕ್ಷೆ ಮಾಡಲು ಬಂದ ಮುದುಕ ಬಡಗಿ ಅಣ್ಣನ ಹಾಗೆಯೇ ಗೆಣ್ಣಿನಿಂದ ಕುಟ್ಟಿ ನಕ್ಕ. ಇದು ಹಳೆಯ ಸಾಗುವಾನಿ, ನಾಲ್ಕು ಜನ ಮಲಗಿದರೂ ಏನೂ ಆಗದು, ಈ ಕಂಬ ಯಾವ ಪೆದ್ದ ಕೊಟ್ಟ ಎಂದು ಹಿಂದಿಯಲ್ಲಿ ಕೇಳಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ; ನಾನು ಒಲೆಯ ಕಡೆ ತಿರುಗಿದೆ.

ಆ ಬೇಸಿಗೆಯಲ್ಲಿ ತವರಿಗೆ ಹೋದೆ. ಅಣ್ಣ ಅಂಗಳದಲ್ಲಿ ಬಾಗಿಲೊಂದಕ್ಕೆ ಉಜ್ಜುಗೊರಡು ಹಾಕುತ್ತಿದ್ದ. ಏನೋ ಈಗ ತಿಳಿದವಳ ಹಾಗೆ ಹೇಳಿದೆ.

"ಅಣ್ಣ, ಆ ಅಟ್ಟದ ತೊಲೆ ಗಟ್ಟಿಯಾಗೇ ಇತ್ತಂತೆ."

"ಗೊತ್ತಿತ್ತು ಕಣೇ" ಎಂದ, ಕೈ ನಿಲ್ಲಿಸದೆ. "ಆದ್ರೂ ನೀನು ಭಯ ಅಂದ್ಯಲ್ಲ. ಕೆಳಗೆ ಮಕ್ಕಳ ಜೊತೆ ನೀನು ನೆಮ್ಮದಿಯಾಗಿ ಮಲಗ್ಲಿ ಅಂತ ಕೊಟ್ಟೆ."

ಭಯ ಇರಲಿಲ್ಲ ಅಣ್ಣ ಎಂದು ಅವತ್ತೂ ನನ್ನ ಬಾಯಲ್ಲಿ ಬರಲಿಲ್ಲ.