ಬೀಸುಕಲ್ಲಿಗೆ ಹಚ್ಚಿದ ಎಣ್ಣೆ

ಮದುವೆಯಾಗಿ ದೇವದುರ್ಗಕ್ಕೆ ಬಂದ ಹೊಸದರಲ್ಲಿ ದಿನಾ ನಸುಕಿಗೆ ಎದ್ದು ಜೋಳ ಬೀಸುತ್ತಿದ್ದೆ. ಕಲ್ಲಿನ ಗುಂಯ್‌ಗುಡುವ ಸದ್ದಿನೊಳಗೆ ಅರೆನಿದ್ದೆಯಲ್ಲೇ ತವರಿಗೆ ಹೋಗಿ ಬರುತ್ತಿದ್ದೆ. ಭುಜದ ನೋವು ಮಾತ್ರ ಮತ್ತೆ ಕಲ್ಲಿನ ಬಳಿಗೆ ಎಳೆದು ತರುತ್ತಿತ್ತು. ಅತ್ತೆಗೆ ಹೇಳಲು ಅಂಜಿಕೆ.

ಆಗಿನ್ನೂ ರಾಯಚೂರಿನ ಉರ್ದು ಹೈಸ್ಕೂಲಿನಲ್ಲಿ ಓದುತ್ತಿದ್ದ ನಮ್ಮವರು ರಜೆಗೆ ಬಂದಾಗ ಅವರಿಗೆ ಹೇಳಿದೆ.

“ಎರಡು ಕಲ್ಲು ಒಂದಕ್ಕೊಂದು ತಿಕ್ಕತಾವಲ್ಲ, ಅದಕ್ಕ ನಮ್ಮ ಉರ್ದು ಪುಸ್ತಕದಾಗ ರಗಡ್ ಅಂತಾರ. ಎಣ್ಣಿ ಹಚ್ಚಿದ್ರ ರಗಡ್ ಕಡಿಮಿ ಆಗ್ತದ. ಬಂಡಿ ಗಾಲಿಗೆ ಹಚ್ಚೂದಿಲ್ಲೇನು?” ಎಂದರು.

ಅತ್ತೆ ಮಾನ್ವಿಗೆ ಹೋದ ದಿನ ಮೇಲಿನ ಕಲ್ಲೆತ್ತಿ ಎರಡಕ್ಕೂ ಹರಳೆಣ್ಣೆ ಸವರಿದೆವು. ಕಲ್ಲು ಎಷ್ಟು ಹಗುರಾಗಿ ತಿರುಗಿತೆಂದರೆ, ಕನಸಿನಲ್ಲಿ ಬೀಸಿದಂತಿತ್ತು. ಆದರೆ ಅಂಚಿನಿಂದ ಹಿಟ್ಟು ಉದುರಲಿಲ್ಲ. ಅರ್ಧಂಬರ್ಧ ಒಡೆದ ಕಾಳು ಎಣ್ಣೆ ಹಚ್ಚಿಕೊಂಡು ಮಿರಮಿರ ಮಿಂಚುತ್ತ ಹೊರಬಂತು.

ಸಂಜೆ ಅತ್ತೆ ಬಂದು ನೋಡಿದರು. “ಲೇ ಶಾಣ್ಯಾ, ಕಲ್ಲು ತಿಕ್ಕಲಾರದೇ ಹಿಟ್ಟು ಹೆಂಗ ಆಗ್ತದ? ನುಣ್ಣಗಾದ ಕಲ್ಲಿಗೆ ರೊಕ್ಕ ಕೊಟ್ಟು ಉಳೀಲೆ ಹೊಡಿಸಿ ಮುಳ್ಳು ಹಾಕಸ್ತೀವಿ, ನೀ ಎಣ್ಣಿ ಹಾಕೀ!” ಎಂದು ಮಗನನ್ನು ಬೈದು, ನನ್ನತ್ತ ತಿರುಗಿದರು. “ನಿನಗೇನಾಗಿತ್ತು ಬೇ?”

ಭುಜ ಮುಟ್ಟಿ ತೋರಿಸಿದೆ.

ಅತ್ತೆ ಉಳಿದ ಹರಳೆಣ್ಣೆಯನ್ನು ಬೆಚ್ಚಗೆ ಮಾಡಿ ತಂದು ನನ್ನ ಭುಜಕ್ಕೆ ತಿಕ್ಕಿದರು. ಮರುದಿನ ನಸುಕಿನಲ್ಲಿ ಹೊಟ್ಟು ಹಾಕಿ ಬೀಸಿ ಕಲ್ಲಿನ ಎಣ್ಣೆ ತೆಗೆಯುತ್ತಿದ್ದೆ. ಗೂಟ ಹಿಡಿದ ನನ್ನ ಕೈಯ ಮೇಲೆ ಅತ್ತೆಯ ಒರಟಾದ ಕೈಯೂ ಬಂದು ಕೂತಿತು.